ಹಳೆಯ ಬೀದಿ, ಹೊಸ ಹೊಗೆ

ಅರಸೀಕೆರೆ, ಬೇಲೂರು, ಹಳೇಬೀಡು ಹೊಯ್ಸಳರ ಕಾಲದಿಂದಲೂ ಹೆಸರಾದ ಊರುಗಳು. ಇಲ್ಲಿನ ಹಳೆಯ ಬೀದಿಗಳು ಮೋಟಾರು ವಾಹನಗಳಿಗಾಗಿ ಹುಟ್ಟಿದವಲ್ಲ. ಮುಂದೆ ಅರಸೀಕೆರೆ ರೈಲ್ವೆ ಜಂಕ್ಷನ್ ಆಯಿತು. ಬೆಂಗಳೂರು-ಹೊನ್ನಾವರ ಹೆದ್ದಾರಿಯೂ ಬಂತು. 2023ರಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ದಟ್ಟಣೆಯಲ್ಲಿ ನಿಂತ ವಾಹನ ಒಂದು ಗಜವೂ ಚಲಿಸದೆ ಇಂಧನ ಸುಡುತ್ತದೆ. ನಿಂತು ಹೊರಡುವಾಗಲೆಲ್ಲ ಹೊಗೆ ಹೆಚ್ಚುತ್ತದೆ. ವೇಗ ತಗ್ಗಿದಾಗ ಟೈರಿನ ಸದ್ದು ಇಳಿದರೂ ಹಾರ್ನ್ ಆ ಲಾಭವನ್ನು ನುಂಗಿಬಿಡುತ್ತದೆ.

2000ರ ಶಬ್ದ ಮಾಲಿನ್ಯ ನಿಯಮಗಳು ನಿಶ್ಶಬ್ದ ವಲಯಕ್ಕೆ ಹಗಲಿನಲ್ಲಿ 50 ಡೆಸಿಬಲ್ ಮಿತಿ ವಿಧಿಸಿದವು. 2020ರಲ್ಲಿ ಬಂದ ಬಿ.ಎಸ್. 6 ಮಾನದಂಡ ಹೊಸ ವಾಹನಗಳ ಹೊಗೆ ತಗ್ಗಿಸಿತು. ಆದರೆ ನಿಂತಾಗ ಇಂಜಿನ್ ಆರಿಸಬೇಕಾದವರು ನಾವೇ. ಶಾಲೆಯ ಬಾಗಿಲಲ್ಲಿ ಕಾಯುವ ಪೋಷಕರಿಂದಲೇ ಇದು ಆರಂಭವಾಗಲಿ. ಆ ಹೊಗೆ ಸೇರುವುದು ನಮ್ಮ ಮಕ್ಕಳ ಎದೆಯನ್ನೇ.