ವೈದ್ಯರ ನೋಂದಣಿ ಮತ್ತು ಅರ್ಹತಾ ಪರಿಶೀಲನೆ (ಕರ್ನಾಟಕ)

ವೈದ್ಯರ ನೋಂದಣಿ ಮತ್ತು ಅರ್ಹತಾ ಪರಿಶೀಲನೆ ಎಂಬುದು ಚಿಕಿತ್ಸೆ ನೀಡುವ ವ್ಯಕ್ತಿಯ ಪದವಿ, ತರಬೇತಿ ಹಾಗೂ ಪರಿಷತ್ತಿನ ನೋಂದಣಿಯನ್ನು ಪರೀಕ್ಷಿಸಿ, ಆತ ಯಾವ ಚಿಕಿತ್ಸೆಗಳನ್ನು ಕೈಗೊಳ್ಳಬಹುದೆಂದು ನಿರ್ಧರಿಸುವ ವ್ಯವಸ್ಥೆ. ಕರ್ನಾಟಕದಲ್ಲಿ ಅಲೋಪಥಿ ವೈದ್ಯರ ನೋಂದಣಿಯನ್ನು ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತು ನಿರ್ವಹಿಸುತ್ತದೆ. ಆಯುರ್ವೇದ, ಯುನಾನಿ ಮತ್ತು ಹೋಮಿಯೋಪಥಿ ವೈದ್ಯರಿಗೆ ಪ್ರತ್ಯೇಕ ಮಂಡಳಿಗಳಿವೆ.

ಇತಿಹಾಸ

ಇಂದಿನ ವಿಜಯನಗರ ಜಿಲ್ಲೆಗೆ ಸೇರಿದ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ಪ್ರದೇಶಗಳು 1953ರವರೆಗೆ ಮದ್ರಾಸ್ ಆಡಳಿತಕ್ಕೆ ಒಳಪಟ್ಟಿದ್ದವು. ಆದ್ದರಿಂದ ಇಲ್ಲಿನ ವೈದ್ಯರಿಗೆ ಮದ್ರಾಸಿನ 1914ರ ನೋಂದಣಿ ಕಾಯ್ದೆ ಅನ್ವಯಿಸುತ್ತಿತ್ತು. ನೆರೆಯ ಮೈಸೂರು ಸಂಸ್ಥಾನದಲ್ಲಿ 1931ರ ಕಾಯ್ದೆ ಜಾರಿಯಲ್ಲಿತ್ತು. 1956ರ ಏಕೀಕರಣದ ನಂತರ ಬೇರೆ ಬೇರೆ ಪ್ರಾಂತ್ಯಗಳ ಕಾನೂನುಗಳು ಒಂದೇ ರಾಜ್ಯದೊಳಗೆ ಉಳಿದವು. 1961ರ ವೈದ್ಯಕೀಯ ನೋಂದಣಿ ಕಾಯ್ದೆಯು ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ತಂದಿತು.

ಕಾನೂನು

ರಾಷ್ಟ್ರಮಟ್ಟದಲ್ಲಿ 1956ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯ್ದೆಯ ಸ್ಥಾನದಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಬಂದಿದೆ. ನೋಂದಣಿ ಇಲ್ಲದೆ ವೃತ್ತಿ ನಡೆಸುವವರಿಗೆ ಹಳೆಯ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡವಿತ್ತು; ಹೊಸ ಕಾಯ್ದೆಯಲ್ಲಿ ದಂಡದ ಮಿತಿ 5 ಲಕ್ಷ ರೂಪಾಯಿಗೆ ಏರಿದೆ. ಒಂದು ಪದ್ಧತಿಯಲ್ಲಿ ನೋಂದಾಯಿತನಾದವನು ಇನ್ನೊಂದರಲ್ಲಿ ಚಿಕಿತ್ಸೆ ನೀಡುವ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವು 1996ರ ಪೂನಮ್ ವರ್ಮಾ ಪ್ರಕರಣದಲ್ಲಿ ವಿಚಾರಿಸಿತು. ಹೋಮಿಯೋಪಥಿ ನೋಂದಣಿಯುಳ್ಳ ವೈದ್ಯರೊಬ್ಬರು ಅಲೋಪಥಿ ಔಷಧಿ ಕೊಟ್ಟದ್ದನ್ನು ಅದು ನಿರ್ಲಕ್ಷ್ಯವೆಂದು ಪರಿಗಣಿಸಿತು.

ಖಾಸಗಿ ಆಸ್ಪತ್ರೆ ಮತ್ತು ಕ್ಲಿನಿಕ್‌ಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ (ಕೆಪಿಎಂಇ) ಅಡಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. 2017ರಲ್ಲಿ ಈ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ನಡೆಸಿದ್ದರು. ಸಂಸ್ಥೆಯ ನೋಂದಣಿಯೂ ವೈದ್ಯರ ನೋಂದಣಿಯೂ ಬೇರೆ ಬೇರೆ. ಗೋಡೆಗೆ ತೂಗುಹಾಕಿದ ಕೆಪಿಎಂಇ ಪ್ರಮಾಣಪತ್ರವು ಒಳಗೆ ಕುಳಿತವರ ಪದವಿಗೆ ಸಾಕ್ಷಿಯಾಗುವುದಿಲ್ಲ.

'ಆರ್‌ಎಂಪಿ' ಎಂಬ ಸಂಕ್ಷೇಪ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ. ಕಾನೂನಿನಲ್ಲಿ ಅದರ ಅರ್ಥ ನೋಂದಾಯಿತ ವೈದ್ಯ. ಹಳ್ಳಿಗಳ ಮಾತಿನಲ್ಲಿ ಬಹುಪಾಲು ಅದಕ್ಕೆ ತದ್ವಿರುದ್ಧವಾಗಿ, ಪದವಿಯಿಲ್ಲದೆ ಸೂಜಿ ಹಾಕುವವರಿಗೆ ಆ ಹೆಸರು ಅಂಟಿಕೊಂಡಿದೆ. ರಾತ್ರಿ ಹೊತ್ತು ಮನೆಬಾಗಿಲಿಗೆ ಬರುವವರು ಅವರೇ ಆಗಿರುವುದರಿಂದ, ದಾಳಿ ನಡೆದು ಬಾಗಿಲು ಮುಚ್ಚಿಸಿದಾಗ ಊರವರ ಅಸಮಾಧಾನ ಅಧಿಕಾರಿಗಳ ಮೇಲೆ ತಿರುಗುವುದೂ ಉಂಟು.

ಆಸ್ಪತ್ರೆಯೊಳಗಿನ ಅಧಿಕಾರ ಹಂಚಿಕೆ

ನೋಂದಣಿಯು ವೃತ್ತಿ ನಡೆಸಲು ಅನುಮತಿ ಮಾತ್ರ. ಯಾರು ಯಾವ ಶಸ್ತ್ರಚಿಕಿತ್ಸೆ ಮಾಡಬಹುದೆಂಬುದನ್ನು ಅದು ಹೇಳುವುದಿಲ್ಲ. ಅಮೆರಿಕದಲ್ಲಿ ಇದನ್ನು ಪ್ರತಿ ಆಸ್ಪತ್ರೆಯ ವೈದ್ಯ ಮಂಡಳಿ ನಿರ್ಧರಿಸುತ್ತದೆ. ಇಲಿನಾಯ್ ರಾಜ್ಯದ 1965ರ ಡಾರ್ಲಿಂಗ್ ಪ್ರಕರಣವು ಈ ವಿಷಯದಲ್ಲಿ ಆಸ್ಪತ್ರೆಯನ್ನೇ ಹೊಣೆಯಾಗಿಸಿತು. ಭಾರತದಲ್ಲಿ ಎನ್‌ಎಬಿಎಚ್ ಮಾನ್ಯತೆ ಬಯಸುವ ಆಸ್ಪತ್ರೆಗಳು ಇಂತಹ ಕ್ರಮ ಪಾಲಿಸಬೇಕು, ಆದರೆ ಆ ಮಾನ್ಯತೆ ಐಚ್ಛಿಕ.

ತಾಲ್ಲೂಕು ಆಸ್ಪತ್ರೆಗಳ ಸ್ಥಿತಿ ಬೇರೆ. ಅರಿವಳಿಕೆ ತಜ್ಞರ ಹುದ್ದೆ ಖಾಲಿ ಇದ್ದರೆ ಸಿಸೇರಿಯನ್ ಹೆರಿಗೆ ನಿಂತುಹೋಗುತ್ತದೆ. ಗರ್ಭಿಣಿಯನ್ನು ಬಳ್ಳಾರಿಗೋ ದಾವಣಗೆರೆಗೋ ಕಳುಹಿಸಬೇಕಾಗುತ್ತದೆ. ಈ ಕೊರತೆಗೆ ಪರಿಹಾರವಾಗಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯಲ್ಲಿ ಕೆಲವು ತಿಂಗಳ ತರಬೇತಿ ನೀಡಿತು. ತರಬೇತಿ ಪಡೆದವರ ಅಧಿಕಾರ ತುರ್ತು ಪ್ರಸೂತಿ ಸಂದರ್ಭಕ್ಕೆ ಸೀಮಿತ, ಅವರು ತಜ್ಞರೆನಿಸುವುದಿಲ್ಲ. ಸ್ಕ್ಯಾನಿಂಗ್ ವಿಷಯದಲ್ಲಿ ನಿರ್ಬಂಧ ಇನ್ನೂ ಬಿಗಿ: ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ 2012ರ ನಿಯಮದ ಪ್ರಕಾರ ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಗರಿಷ್ಠ ಎರಡು ಕೇಂದ್ರಗಳಲ್ಲಿ ಮಾತ್ರ ಗರ್ಭಿಣಿಯರ ಸ್ಕ್ಯಾನಿಂಗ್ ಮಾಡಬಹುದು.

ಪರಿಶೀಲಿಸುವ ವಿಧಾನ

2002ರ ವೃತ್ತಿನೀತಿ ನಿಯಮಾವಳಿಯಂತೆ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ಪ್ರದರ್ಶಿಸಬೇಕು. ಔಷಧ ಚೀಟಿಯಲ್ಲೂ ನಮೂದಿಸಬೇಕು. ಆ ಸಂಖ್ಯೆಯನ್ನು ರಾಜ್ಯ ಪರಿಷತ್ತಿನ ದಾಖಲೆಯೊಂದಿಗೆ ಯಾರಾದರೂ ತಾಳೆ ನೋಡಬಹುದು. ಸ್ನಾತಕೋತ್ತರ ಪದವಿಯು ಹೆಚ್ಚುವರಿ ಅರ್ಹತೆಯಾಗಿ ದಾಖಲಾಗಿದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು.