ವರಾಹ ಲಾಂಛನ (ಬಾದಾಮಿ ಚಾಲುಕ್ಯರು)

ವರಾಹ ಲಾಂಛನವು ಬಾದಾಮಿ ಚಾಲುಕ್ಯ ಅರಸುಮನೆತನದ ರಾಜಚಿಹ್ನೆ. ಕ್ರಿ.ಶ. 6ರಿಂದ 8ನೆಯ ಶತಮಾನದವರೆಗೆ ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿಯಿಂದ ಆಳಿದ ಈ ಅರಸರು ತಮ್ಮ ತಾಮ್ರಶಾಸನಗಳಿಗೆ ವರಾಹದ ಆಕೃತಿಯುಳ್ಳ ಮುದ್ರೆಯನ್ನು ಒತ್ತಿಸುತ್ತಿದ್ದರು. ಮುಂದೆ ವೆಂಗಿ ಮತ್ತು ಕಲ್ಯಾಣದ ಚಾಲುಕ್ಯರು, ಕಾಕತೀಯರು ಹಾಗೂ ವಿಜಯನಗರದ ಅರಸರು ಇದೇ ಚಿಹ್ನೆಯನ್ನು ಬಳಸಿದರು.

ಅರ್ಥ ಮತ್ತು ಹಿನ್ನೆಲೆ

ಭೂದೇವಿಯನ್ನು ಜಲದಿಂದ ಮೇಲೆತ್ತಿದ ವಿಷ್ಣುವಿನ ವರಾಹಾವತಾರವೇ ಈ ಲಾಂಛನದ ಮೂಲ. ಭಗವಾನ್ ನಾರಾಯಣನ ಪ್ರಸಾದದಿಂದ ವರಾಹ ಲಾಂಛನ ತಮಗೆ ದೊರೆಯಿತೆಂದು ಚಾಲುಕ್ಯರ ಶಾಸನಗಳು ಹೇಳುತ್ತವೆ. ಮಾನವ್ಯಸಗೋತ್ರ, ಹಾರೀತೀಪುತ್ರ, ಸಪ್ತಮಾತೃಕೆಯರಿಂದ ಪೋಷಿತರು, ಕಾರ್ತಿಕೇಯನಿಂದ ರಕ್ಷಿತರು ಎಂಬ ವಿಶೇಷಣಗಳೊಡನೆ ಈ ಮಾತೂ ವಂಶಪ್ರಶಸ್ತಿಯ ಸ್ಥಿರ ಭಾಗವಾಯಿತು. ಅರಸರು ಧರಿಸಿದ ‘ಶ್ರೀಪೃಥ್ವೀವಲ್ಲಭ’ ಎಂಬ ಬಿರುದಿಗೂ ಭೂಮಿಯನ್ನು ಹೊತ್ತ ವರಾಹನ ಕಲ್ಪನೆಗೂ ಹೊಂದಿಕೆಯಿದೆ. ಒಂದನೆಯ ಕೀರ್ತಿವರ್ಮನ ಕಾಲದಲ್ಲಿ, ಶಕ 500ರಲ್ಲಿ (ಕ್ರಿ.ಶ. 578) ಪೂರ್ಣಗೊಂಡ ಬಾದಾಮಿಯ ಮೂರನೆಯ ಗುಹೆಯಲ್ಲಿ ವರಾಹನ ಬೃಹತ್ ಶಿಲ್ಪವಿದೆ. ಎರಡನೆಯ ಗುಹೆಯಲ್ಲೂ ಐಹೊಳೆಯ ರಾವಣಫಡಿಯಲ್ಲೂ ವರಾಹ ಮೂರ್ತಿಗಳನ್ನು ಕಾಣಬಹುದು.

ತಾಮ್ರಪಟ ಮತ್ತು ಮುದ್ರೆ

ರಾಜನ ದಾನವನ್ನು ಸಾಮಾನ್ಯವಾಗಿ ಮೂರು ಅಥವಾ ಹೆಚ್ಚು ತಾಮ್ರದ ಹಲಗೆಗಳ ಮೇಲೆ ಕೊರೆಯಲಾಗುತ್ತಿತ್ತು. ಅಕ್ಷರಗಳು ಸವೆಯದಂತೆ ಮೊದಲ ಮತ್ತು ಕೊನೆಯ ಹಲಗೆಗಳ ಹೊರಮೈಯನ್ನು ಹೆಚ್ಚಾಗಿ ಖಾಲಿ ಬಿಡುತ್ತಿದ್ದರು. ಹಲಗೆಗಳ ರಂಧ್ರದಲ್ಲಿ ಬಳೆಯೊಂದನ್ನು ಪೋಣಿಸಿ, ಅದರ ತುದಿಗಳನ್ನು ಮುದ್ರೆಯೊಂದಿಗೆ ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ಹಲಗೆಯನ್ನು ತೆಗೆಯುವುದಾಗಲಿ ಸೇರಿಸುವುದಾಗಲಿ ಸಾಧ್ಯವಿರಲಿಲ್ಲ. ಹೀಗೆ ಲಾಂಛನವು ಅಲಂಕಾರಕ್ಕಿಂತ ಹೆಚ್ಚಾಗಿ ದಾನದ ಪ್ರಾಮಾಣ್ಯಕ್ಕೆ ಆಧಾರವಾಗಿತ್ತು. ದಾನ ಪಡೆದವರ ಭೂಮಿಯ ಹಕ್ಕು ಈ ಮುದ್ರೆಯನ್ನು ಅವಲಂಬಿಸಿತ್ತು.

ಮಹಾಕೂಟ ಮತ್ತು ಶೈವ ಪರಂಪರೆ

ಬಾದಾಮಿಯ ಸಮೀಪದ ಮಹಾಕೂಟ ಶೈವ ಕ್ಷೇತ್ರ. ಅಲ್ಲಿದ್ದ ಮಂಗಳೇಶನ ಸ್ತಂಭಶಾಸನವು ಮಕುಟೇಶ್ವರನಾಥ ದೇವರಿಗೆ ನೀಡಿದ ದಾನವನ್ನು ದಾಖಲಿಸುತ್ತದೆ. ಸ್ತಂಭ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಒಂದನೆಯ ವಿಕ್ರಮಾದಿತ್ಯನು ಶೈವದೀಕ್ಷೆ ಪಡೆದುದನ್ನು ಆಮುದಾಲಪಾಡು ತಾಮ್ರಶಾಸನ ತಿಳಿಸುತ್ತದೆ. ಆದರೂ ಲಾಂಛನ ಬದಲಾಗಲಿಲ್ಲ. ಅರಸನ ವೈಯಕ್ತಿಕ ನಿಷ್ಠೆ ಬೇರೆಯಾದರೂ ವರಾಹವು ಮನೆತನದ ಗುರುತಾಗಿಯೇ ಮುಂದುವರಿಯಿತು.

ನಂತರದ ಮನೆತನಗಳಲ್ಲಿ ಮಾರ್ಪಾಡು

• ರಾಷ್ಟ್ರಕೂಟರು: ಚಾಲುಕ್ಯರನ್ನು ಸೋಲಿಸಿದ ಈ ಅರಸರ ಮುದ್ರೆಗಳಲ್ಲಿ ಹೆಚ್ಚಾಗಿ ಗರುಡನಿದ್ದಾನೆ. ಒಂದನೆಯ ಕೃಷ್ಣನು ಮಹಾವರಾಹವನ್ನು ಜಿಂಕೆಯನ್ನಾಗಿಸಿದನೆಂದು ಅವರ ಶಾಸನವೊಂದು ವರ್ಣಿಸುತ್ತದೆ. ಸೋತ ಮನೆತನವನ್ನು ಅದರ ಲಾಂಛನದಿಂದಲೇ ಸೂಚಿಸಿರುವುದು ಇಲ್ಲಿನ ವಿಶೇಷ.
• ವೆಂಗಿಯ ಚಾಲುಕ್ಯರು: ಆರಂಭದ ಮುದ್ರೆಗಳಲ್ಲಿ ‘ವಿಷಮಸಿದ್ಧಿ’ ಎಂಬ ಬಿರುದೂ ನಂತರದವುಗಳಲ್ಲಿ ‘ಶ್ರೀತ್ರಿಭುವನಾಂಕುಶ’ ಎಂಬ ಬಿರುದೂ ಕಾಣುತ್ತವೆ. ವರಾಹದೊಡನೆ ಸೂರ್ಯ, ಚಂದ್ರ, ಅಂಕುಶ ಮುಂತಾದ ಚಿಹ್ನೆಗಳು ಸೇರಿದವು.
• ಕಲ್ಯಾಣದ ಚಾಲುಕ್ಯರು: ಇಮ್ಮಡಿ ತೈಲಪನು 973ರಲ್ಲಿ ರಾಷ್ಟ್ರಕೂಟರನ್ನು ಕೆಳಗಿಳಿಸಿದ ಬಳಿಕ ಈ ಮನೆತನವು ವರಾಹ ಲಾಂಛನವನ್ನು ಮತ್ತೆ ಬಳಕೆಗೆ ತಂದು, ತಾನು ಬಾದಾಮಿ ವಂಶದ ಮುಂದುವರಿಕೆಯೆಂದು ಸಾರಿತು.
• ವಿಜಯನಗರ: ಸೂರ್ಯಚಂದ್ರರೊಡನೆ ಕತ್ತಿಯೂ ಸೇರಿದ ವರಾಹ ಈ ಸಾಮ್ರಾಜ್ಯದ ಗುರುತಾಯಿತು. ಅನೇಕ ತಾಮ್ರಶಾಸನಗಳ ಕೊನೆಯಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀವಿರೂಪಾಕ್ಷ’ ಎಂಬ ಅಂಕಿತವಿದೆ. ಅಂದಿನ ಚಿನ್ನದ ನಾಣ್ಯವನ್ನು ‘ವರಾಹ’ ಎಂದು ಕರೆಯಲಾಗುತ್ತಿತ್ತು, ಅದರ ಮೇಲೆ ಹಲವು ಬಾರಿ ಬೇರೆ ದೇವತೆಗಳ ಚಿತ್ರವಿದ್ದರೂ ಹೆಸರು ಉಳಿಯಿತು.

ಕೂಟಶಾಸನಗಳು

ಮುದ್ರೆಗೆ ಇಂಥ ಮಹತ್ವವಿದ್ದುದರಿಂದಲೇ ನಕಲಿ ಶಾಸನಗಳೂ ಹುಟ್ಟಿಕೊಂಡವು. ಇವನ್ನು ಕೂಟಶಾಸನಗಳೆನ್ನುತ್ತಾರೆ. ಒಂದನೆಯ ಪುಲಿಕೇಶಿಯ ಹೆಸರಿನ ಆಲ್ತೆಮ್ ತಾಮ್ರಪಟವು ಶಕ 411ನ್ನು ಹೇಳುತ್ತದೆ. ಆದರೆ ಅದೇ ಅರಸನ ಬಾದಾಮಿಯ ಬಂಡೆಗಲ್ಲು ಶಾಸನ ಶಕ 465ರದು (ಕ್ರಿ.ಶ. 543). ಆಲ್ತೆಮ್ ಪಟವನ್ನು ವಿದ್ವಾಂಸರು ಕೂಟಶಾಸನವೆಂದು ಪರಿಗಣಿಸಿದ್ದಾರೆ. ಬಳೆಯನ್ನು ಒಮ್ಮೆ ಕತ್ತರಿಸಿದರೆ ಒಂದು ಶಾಸನದ ಮುದ್ರೆ ಮತ್ತೊಂದರ ಹಲಗೆಗಳನ್ನು ಸೇರಬಹುದು. ಆದ್ದರಿಂದ ಲಾಂಛನವೊಂದನ್ನೇ ನಂಬದೆ, ಲಿಪಿಯ ಕಾಲಮಾನ, ತಿಥಿ, ವಾರ ಮತ್ತು ಗ್ರಹಣಗಳ ಹೊಂದಿಕೆ, ವಂಶಾವಳಿ ಹಾಗೂ ಭಾಷೆಯನ್ನು ಒಟ್ಟಾಗಿ ಪರಿಶೀಲಿಸಿ ಶಾಸನದ ನಿಜತ್ವವನ್ನು ನಿರ್ಧರಿಸಲಾಗುತ್ತದೆ.