ಗಂಡಭೇರುಂಡದ ಹಾರಾಟ: ವೈಮಾನಿಕ ಗೆಲುವಿನ ಕೀರ್ತಿ ಮತ್ತು ಮೈಸೂರು ಸೀಮೆಯ ಪಾಲು

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಜಪಾನುಗಳನ್ನು ಆಕಾಶದಲ್ಲಿ ಮಣಿಸಿದ ಕೀರ್ತಿ ಮಿತ್ರರಾಷ್ಟ್ರಗಳ ಯಾವ ವಾಯುಪಡೆಗೆ ಸಲ್ಲಬೇಕು ಎಂಬ ವಾದ 1945ರಿಂದ ಇಂದಿನವರೆಗೂ ನಡೆದೇ ಇದೆ. 1940ರಲ್ಲಿ ಬ್ರಿಟನ್ನಿನ ಮೇಲೆ ಎರಗಿದ ಜರ್ಮನ್ ವಿಮಾನಗಳನ್ನು ತಡೆದು ನಿಲ್ಲಿಸಿದ ರಾಯಲ್ ಏರ್ ಫೋರ್ಸ್ ಇಲ್ಲದಿದ್ದರೆ ಮುಂದಿನ ಯುದ್ಧವೇ ಇರುತ್ತಿರಲಿಲ್ಲವೆಂದು ಒಂದು ಪಕ್ಷ ಹೇಳಿದರೆ, ಹಗಲು ಹೊತ್ತಿನಲ್ಲಿ ಜರ್ಮನಿಯ ಒಡಲಿಗೇ ನುಗ್ಗಿ ಅದರ ಕಾಳಗದ ವಿಮಾನಗಳನ್ನು ನುಚ್ಚುನೂರು ಮಾಡಿದವರು ಅಮೆರಿಕನ್ನರೆಂದು ಇನ್ನೊಂದು ಪಕ್ಷ, ಪೂರ್ವ ರಣರಂಗದ ಭಾರ ಹೊತ್ತ ಸೋವಿಯತ್ ವಾಯುಪಡೆಯನ್ನು ಮರೆಯಲಾಗದೆಂದು ಮತ್ತೊಂದು ಪಕ್ಷ ವಾದಿಸುತ್ತವೆ. ಮೂರೂ ಪಕ್ಷಗಳು ವಿಮಾನದ ಮೇಲಿನ ಧ್ವಜವನ್ನು ನೋಡಿ ಲೆಕ್ಕ ಹಾಕುತ್ತವೆಯೇ ಹೊರತು, ಆ ವಿಮಾನಕ್ಕೆ ಹಣ ಕೊಟ್ಟವರನ್ನೂ ಅದನ್ನು ದುರಸ್ತಿ ಮಾಡಿ ಮತ್ತೆ ಹಾರಿಸಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಳೆಯ ಮೈಸೂರು ಸಂಸ್ಥಾನದ ಇತಿಹಾಸ ಈ ಕೊರತೆಯನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಯುದ್ಧದ ಕಾಲದಲ್ಲಿ ಬ್ರಿಟನ್ ‘ಕೊಡುಗೆಯ ಸ್ಕ್ವಾಡ್ರನ್’ ಎಂಬ ಪದ್ಧತಿಯನ್ನು ಬಳಕೆಗೆ ತಂದಿತ್ತು. ಸ್ಕ್ವಾಡ್ರನ್ ಎಂದರೆ ಒಬ್ಬ ಅಧಿಕಾರಿಯ ಕೈಕೆಳಗೆ ಒಂದೇ ಘಟಕವಾಗಿ ಹೋರಾಡುವ ವಿಮಾನಗಳ ದಳ, ಅದರ ವೆಚ್ಚಕ್ಕೆ ದೊಡ್ಡ ಮೊತ್ತ ನೀಡಿದ ನಾಡಿನ ಹೆಸರನ್ನು ಆ ದಳ ಹೊರುತ್ತಿತ್ತು. ಹೀಗೆ ಮೈಸೂರಿನ ಹೆಸರು ಹೊತ್ತದ್ದು 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್ ನೆಲೆಯಲ್ಲಿ ಸ್ಪಿಟ್‌ಫೈರ್ ವಿಮಾನಗಳೊಂದಿಗೆ ಮರುಹುಟ್ಟು ಪಡೆದ 129ನೆಯ ಸ್ಕ್ವಾಡ್ರನ್. ಅದರ ಲಾಂಛನದಲ್ಲಿ ಮೈಸೂರು ಅರಸರ ಗಂಡಭೇರುಂಡವೇ ರೆಕ್ಕೆ ಬಿಚ್ಚಿತ್ತು. ಆಕ್ರಮಿತ ಫ್ರಾನ್ಸಿನ ಮೇಲೆ ದಾಳಿ ನಡೆಸುತ್ತಿದ್ದ ಈ ದಳ 1944ರಲ್ಲಿ ಅಮೆರಿಕದಲ್ಲಿ ತಯಾರಾದ ಮಸ್ಟಾಂಗ್ ವಿಮಾನಗಳನ್ನು ಪಡೆದು, ಆ ಬೇಸಗೆಯಲ್ಲಿ ಲಂಡನ್ನಿನತ್ತ ಬರುತ್ತಿದ್ದ ವಿ-1 ಎಂಬ, ಚಾಲಕನಿಲ್ಲದೆ ತಾನೇ ಹಾರಿಬಂದು ಸಿಡಿಯುವ ಬಾಂಬುಗಳನ್ನು ದಾರಿಯಲ್ಲೇ ಹೊಡೆದುರುಳಿಸುವ ಕೆಲಸಕ್ಕೆ ನಿಂತಿತು. ಅದೇ ಪಡೆಯಲ್ಲಿ ಅದರ ಜೊತೆಗಿದ್ದವು 306 ಮತ್ತು 315ನೆಯ ಪೋಲಿಷ್ ದಳಗಳು. ಮೈಸೂರಿನ ಹೆಸರು, ಬ್ರಿಟನ್ನಿನ ಧ್ವಜ, ಅಮೆರಿಕದ ವಿಮಾನ ಒಂದೇ ದಳದಲ್ಲಿ ಕೂಡಿ, ನೆಲ ಕಳೆದುಕೊಂಡ ಪೋಲೆಂಡಿನ ಯೋಧರು ಪಕ್ಕದಲ್ಲೇ ಹಾರುತ್ತಿದ್ದಾಗ, ಗೆಲುವನ್ನು ಒಂದು ರಾಷ್ಟ್ರದ ಖಾತೆಗೆ ಬರೆಯುವುದಾದರೂ ಹೇಗೆ?

ಆಗ ಕನ್ನಡನಾಡು ಹರಿದು ಹಂಚಿಹೋಗಿದ್ದುದರಿಂದ ಕನ್ನಡಿಗರ ಪಾಲೂ ಹಲವು ಹೆಸರುಗಳಲ್ಲಿ ಚದುರಿತು. ಕಲಬುರಗಿ, ಬೀದರ್, ರಾಯಚೂರುಗಳು ಸೇರಿದ್ದ ನಿಜಾಮ ಸಂಸ್ಥಾನದ ಹೆಸರನ್ನು ಹೊತ್ತ 152ನೆಯ ಹೈದರಾಬಾದ್ ಸ್ಕ್ವಾಡ್ರನ್ 1940ರಲ್ಲಿ ಇಂಗ್ಲೆಂಡನ್ನು ಕಾದು, ಮುಂದೆ ಬರ್ಮಾ ರಣರಂಗಕ್ಕೂ ಬಂದಿತು. ಬಳ್ಳಾರಿ, ಮಂಗಳೂರು, ಕಾಸರಗೋಡುಗಳನ್ನು ಒಳಗೊಂಡ ಮದರಾಸು ಪ್ರಾಂತದ ಹೆಸರು 234ನೆಯ ದಳಕ್ಕೂ, ಧಾರವಾಡ, ಬೆಳಗಾವಿ, ಬಿಜಾಪುರಗಳಿದ್ದ ಬೊಂಬಾಯಿಯ ಹೆಸರು 122ನೆಯ ದಳಕ್ಕೂ ಸಂದಿತ್ತು.

ಹೆಸರಿಗಿಂತ ದುಡಿಮೆಯ ಕಥೆ ಇನ್ನೂ ದೊಡ್ಡದು. 1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ, ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲರ ಆಡಳಿತ 700 ಎಕರೆ ಜಮೀನು ಕೊಟ್ಟಿತಲ್ಲದೆ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹೂಡಿತು. ಜೋಡಿಸಿದ ಮೊದಲ ಹಾರ್ಲೋ ತರಬೇತಿ ವಿಮಾನ 1941ರಲ್ಲೂ, ಕರ್ಟಿಸ್ ಹಾಕ್ ಯುದ್ಧವಿಮಾನ 1942ರಲ್ಲೂ ಇಲ್ಲಿಂದ ಹಾರಿದವು. ಆದರೆ ಜಪಾನ್ ಬರ್ಮಾವನ್ನು ಗೆದ್ದು ಭಾರತದ ಬಾಗಿಲಿಗೆ ಬಂದಾಗ ಹೊಸ ವಿಮಾನ ಕಟ್ಟುವುದಕ್ಕಿಂತ ಕೆಟ್ಟವನ್ನು ಸರಿಪಡಿಸುವುದೇ ಮುಖ್ಯವಾಯಿತು. ಅದೇ ವರ್ಷ ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಹತೋಟಿಗೆ ತೆಗೆದುಕೊಂಡು, 1943ರಲ್ಲಿ ಅದರ ಆಡಳಿತವನ್ನು ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಿತು. 84ನೆಯ ಏರ್ ಡಿಪೋ ಎಂದು ಹೆಸರಾದ ಈ ಸ್ಥಳದಲ್ಲಿ ಸಾವಿರಾರು ಕೆಲಸಗಾರರು ಸರಕು ಹೊರುವ ಡಕೋಟಾಗಳನ್ನೂ ಮಿಚೆಲ್ ಬಾಂಬರುಗಳನ್ನೂ ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಜೋಡಿಸುತ್ತಿದ್ದರು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು.

ಈ ದುರಸ್ತಿಯ ಬೆಲೆ 1944ರಲ್ಲಿ ತಿಳಿಯಿತು. ಆ ವರ್ಷದ ವಸಂತದಲ್ಲಿ ಜಪಾನೀಯರು ಇಂಫಾಲದ ರಸ್ತೆಯನ್ನು ಕತ್ತರಿಸಿದಾಗ, ಜೂನ್ 22ರಂದು ದಾರಿ ಮತ್ತೆ ತೆರೆಯುವ ತನಕ ಅಲ್ಲಿನ ಸೈನ್ಯ ಬದುಕಿದ್ದು ಬ್ರಿಟಿಷ್ ಹಾಗೂ ಅಮೆರಿಕನ್ ಸಾರಿಗೆ ವಿಮಾನಗಳು ತಂದ ಅಕ್ಕಿ, ಮದ್ದುಗುಂಡು, ಔಷಧಿಗಳಿಂದ. ಅದೇ ಮುತ್ತಿಗೆಯಲ್ಲಿ ಅರ್ಜನ್ ಸಿಂಗ್ ನಾಯಕತ್ವದ ಭಾರತೀಯ ದಳವೂ ಕಾದಿತು. ಅಂಥ ರಣರಂಗದಲ್ಲಿ ಒಂದು ವಿಮಾನ ದುರಸ್ತಿಯಾಗಿ ಹಿಂದಿರುಗುವುದೆಂದರೆ ಹೊಸ ವಿಮಾನವೊಂದು ಸಾಗರ ದಾಟಿ ಬಂದಂತೆಯೇ.

ಈಗ ಕಬಿನಿ ಅಣೆಕಟ್ಟಿನಿಂದ ಹೆಸರಾದ ಬೀಚನಹಳ್ಳಿಯನ್ನೂ, ಅದರ ಸುತ್ತಲಿನ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ತಾಲ್ಲೂಕುಗಳನ್ನೂ ಈ ಲೆಕ್ಕದಿಂದ ಹೊರಗಿಡಲಾಗದು. ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದುದು ರೈತನ ಕಂದಾಯ, ಅಬಕಾರಿ ಮತ್ತು ಅರಣ್ಯದ ಆದಾಯದಿಂದ. ತೇಗ, ಬೀಟೆ, ಗಂಧಗಳ ಕಾಡುಗಳಿದ್ದ ಈ ಸೀಮೆ ಅದಕ್ಕೆ ಸದಾ ಕೊಡುತ್ತ ಬಂದದ್ದು. ಬೆಂಗಳೂರಿನ ಯಂತ್ರಗಳಿಗೆ ಬಲ ತುಂಬಿದ ವಿದ್ಯುತ್ತಿನ ಮುಖ್ಯ ಮೂಲವಾದ ಶಿವನಸಮುದ್ರದ ಕೇಂದ್ರ 1902ರಿಂದ ದುಡಿಯುತ್ತಿದ್ದುದು ಕಾವೇರಿಯ ನೀರಿನಿಂದ. ಬೀಚನಹಳ್ಳಿಯ ಮುಂದೆ ಹರಿದ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿದರೆ, ಹುಣಸೂರಿನ ಲಕ್ಷ್ಮಣತೀರ್ಥ ಕನ್ನಂಬಾಡಿಯ ಹಿನ್ನೀರನ್ನು ಸೇರಿ ಅದೇ ಶಿವನಸಮುದ್ರಕ್ಕೆ ಹೋಗುತ್ತಿತ್ತು. ಅಂದರೆ ಈ ನಾಲ್ಕು ತಾಲ್ಲೂಕುಗಳು ಹಣವನ್ನೂ ಶಕ್ತಿಯನ್ನೂ ಎರಡು ದಾರಿಯಲ್ಲಿ ಯುದ್ಧಕ್ಕೆ ಒದಗಿಸಿದವು.

ಹಾಗೆಂದು ಈ ಕೊಡುಗೆಯನ್ನು ಪ್ರಜೆಗಳ ಸ್ವಂತ ತೀರ್ಮಾನವೆನ್ನುವುದು ಸತ್ಯಕ್ಕೆ ದೂರ. ಅರಸರ ಸರ್ಕಾರ ಬ್ರಿಟಿಷರ ಯುದ್ಧಕ್ಕೆ ಸಹಾಯ ಮಾಡುತ್ತಿದ್ದ ಕಾಲದಲ್ಲೇ, 1942ರ ಸ್ವಾತಂತ್ರ್ಯ ಚಳವಳಿಯಲ್ಲಿ ಅದೇ ಸಂಸ್ಥಾನದ ಈಸೂರು ಎಂಬ ಹಳ್ಳಿ ತಾನು ಸ್ವತಂತ್ರವೆಂದು ಸಾರಿತು. ಮರುವರ್ಷ ಆ ಊರಿನ ಐವರು ನೇಣಿಗೇರಿದರು. ತೆರಿಗೆ ಕಟ್ಟಿದ ಪ್ರಜೆಗೆ ಆ ಹಣ ಎಲ್ಲಿ ಹಾರುತ್ತಿದೆಯೆಂದು ಕೇಳುವ ಹಕ್ಕೂ ಇರಲಿಲ್ಲ, ಗೆದ್ದ ಮೇಲೆ ಅವನ ಹೆಸರನ್ನು ಯಾರೂ ಕೇಳಲೂ ಇಲ್ಲ. ಈ ಎರಡು ಅನ್ಯಾಯಗಳೂ ಒಂದೇ ಮೂಲದವು.

ಆದುದರಿಂದ ಯಾವ ವಾಯುಪಡೆ ಗೆದ್ದಿತೆಂಬ ಪ್ರಶ್ನೆಗೆ ಒಂದೇ ಧ್ವಜ ಉತ್ತರವಾಗಲಾರದು. ಚಾಲಕನ ಧೈರ್ಯಕ್ಕೆ ಯಾವ ಇತಿಹಾಸಕಾರನೂ ಕುಂದು ತರಬೇಕಿಲ್ಲ. ಆದರೆ ಆ ಧೈರ್ಯ ಆಕಾಶಕ್ಕೇರಲು ಬೇಕಾದ ಹಣ, ಲೋಹ, ವಿದ್ಯುತ್ತು ಮತ್ತು ಕೈಚಳಕಗಳನ್ನು ಕೊಟ್ಟ ನಾಡುಗಳನ್ನೂ ಹೆಸರಿಸಿದಾಗಲೇ ಗೆಲುವಿನ ಇತಿಹಾಸ ಪೂರ್ಣವಾಗುತ್ತದೆ. ಬೆಂಗಳೂರಿನ ಕಾರ್ಖಾನೆಯಲ್ಲಿ ಆಗ ಕಲಿತ ಕೈಗಳು ಮುಂದೆ, ಯುದ್ಧ ಮುಗಿದ ಮೇಲೆ ಅಮೆರಿಕನ್ ಮೂಲದ ಲಿಬರೇಟರ್ ಬಾಂಬರುಗಳನ್ನು ಸರಿಪಡಿಸಿ ಸ್ವತಂತ್ರ ಭಾರತದ ವಾಯುಪಡೆಗೆ ಒಪ್ಪಿಸಿದವು. ಕೀರ್ತಿಯ ಪಟ್ಟಿಯಲ್ಲಿ ಆ ಕೈಗಳಿಗೆ ಜಾಗ ಸಿಗದಿದ್ದರೆ ಆ ಪಟ್ಟಿಯೇ ಅಪೂರ್ಣ. ಮೈಸೂರು ಜಿಲ್ಲೆಯ ಇತಿಹಾಸ ಬರೆಯುವವರು ದಸರೆ, ಅರಮನೆ, ಅಣೆಕಟ್ಟುಗಳ ಜೊತೆಗೆ ಈ ಪಾಲನ್ನೂ ಅದರ ಹಿಂದಿನ ಬಲವಂತವನ್ನೂ ದಾಖಲಿಸುವುದು ಇಂದಿನ ಕರ್ತವ್ಯ.